ಗಿಟಾರಿನ ಕುತ್ತಿಗೆ ಉಳಿಸಿಕೊಂಡು ವಿಮಾನ ಹತ್ತುವುದು

ವಿಮಾನದಲ್ಲಿ ಹೋದ ಗಿಟಾರು ಮುರಿದರೆ ಹೆಚ್ಚಾಗಿ ಮುರಿಯುವುದು ಒಂದೇ ಜಾಗದಲ್ಲಿ: ಕುತ್ತಿಗೆಯ ತುದಿಯಲ್ಲಿ ತಂತಿಗಳು ಹಾದುಹೋಗುವ ಪಟ್ಟಿಯಾದ ನಟ್‌ನ ಹಿಂದೆ, ತಲೆ ಕುತ್ತಿಗೆಗೆ ಸೇರುವಲ್ಲಿ. ಮೇಲಿನಿಂದ ಭಾರ ಬಿದ್ದು ಪೆಟ್ಟಿಗೆ ಅಪ್ಪಚ್ಚಿಯಾಗುವುದು ಅಪರೂಪ. ಪೆಟ್ಟಿಗೆ ಬೆನ್ನಡಿಯಾಗಿ ನೆಲಕ್ಕೆ ಬಿದ್ದಾಗ ಒಳಗಿನ ಆಧಾರಕ್ಕೆ ತಾಗಿದ ಕುತ್ತಿಗೆ ಅಲ್ಲೇ ನಿಲ್ಲುತ್ತದೆ. ತಂತಿ ಬಿಗಿಸುವ ಆರು ಕೀಗಳ ಭಾರ ಹೊತ್ತ ತಲೆ ಮಾತ್ರ ನಿಲ್ಲದೆ ಹಿಂದಕ್ಕೆ ಹೋಗುತ್ತದೆ. ಗಿಬ್ಸನ್ ಮಾದರಿಯವುಗಳಲ್ಲಿ ತಲೆ ಸುಮಾರು 17 ಡಿಗ್ರಿ ಹಿಂದಕ್ಕೆ ಬಾಗಿರುವುದರಿಂದ ಆ ಬಾಗಿನಲ್ಲಿ ಮರದ ಎಳೆ ಗಿಡ್ಡವಾಗಿ ಕಡಿದಿರುತ್ತದೆ. ಕುತ್ತಿಗೆಯೊಳಗಿನ ಲೋಹದ ಸರಳನ್ನು, ಅಂದರೆ ಟ್ರಸ್ ರಾಡನ್ನು, ತಿರುಗಿಸಲು ಅಲ್ಲೇ ಒಂದು ಗುಳಿಯೂ ಕೊರೆದಿರುತ್ತಾರೆ. ಫೆಂಡರ್ ಮಾದರಿಯ ನೇರ ತಲೆಗೆ ಈ ರೋಗ ಕಡಿಮೆ.

ಹಾಗಾಗಿ ಕೇಸಿಗೆ ಎಷ್ಟು ದುಡ್ಡು ಹಾಕಿದಿರಿ ಎನ್ನುವುದಕ್ಕಿಂತ ಒಳಗೆ ಗಿಟಾರು ಅಲುಗುತ್ತದೋ ಇಲ್ಲವೋ ಎನ್ನುವುದೇ ದೊಡ್ಡದು. ಕಾಸರಗೋಡಿನಿಂದ ಕೊಲ್ಲಿಗೆ ಸುಗಮ ಸಂಗೀತದ ತಂಡದ ಜೊತೆ ಹೋಗುವಾಗ ನಾನು ಕಟ್ಟುವ ಕ್ರಮ ಇದು.

ಮೊದಲು ತಂತಿ. 12–53 ಗಾತ್ರದ (ಇಂಚಿನ ಸಾವಿರದ ಲೆಕ್ಕದಲ್ಲಿ ದಪ್ಪ) ಉಕ್ಕಿನ ತಂತಿಗಳನ್ನು ಪೂರ್ತಿ ಶ್ರುತಿಗೆ ಏರಿಸಿದರೆ ಆರೂ ಸೇರಿ ಕುತ್ತಿಗೆಯನ್ನು ಸುಮಾರು 73 ಕಿಲೋ ಬಲದಿಂದ ಎಳೆಯುತ್ತವೆ. ನೈಲಾನಿನಲ್ಲಿ ಇದರ ಅರ್ಧದಷ್ಟು. ಈ ಎಳೆತದ ಮೇಲೆ ಪೆಟ್ಟು ಬಿದ್ದರೆ ಸಣ್ಣ ಬಿರುಕೂ ಬಾಯಿ ಬಿಡುತ್ತದೆ. ಅದಕ್ಕಾಗಿ ಎಲ್ಲ ತಂತಿಗಳನ್ನೂ ಎರಡರಿಂದ ಮೂರು ಸ್ವರದಷ್ಟು ಇಳಿಸುತ್ತೇನೆ. ಪೂರ್ತಿ ಸಡಿಲ ಬಿಡುವುದಿಲ್ಲ. ಬಿಟ್ಟರೆ ಒಳಗಿನ ಟ್ರಸ್ ರಾಡ್ ಕುತ್ತಿಗೆಯನ್ನು ಹಿಂದಕ್ಕೆ ಬಗ್ಗಿಸುತ್ತದೆ, ಇಳಿದಲ್ಲಿ ಶ್ರುತಿ ನಿಲ್ಲಲು ಹೊತ್ತು ಹಿಡಿಯುತ್ತದೆ. ತಂತಿಗೂ ಕುತ್ತಿಗೆಯ ಮೇಲಿನ ಲೋಹದ ಗೆರೆಗಳಾದ ಫ್ರೆಟ್‌ಗೂ ನಡುವೆ ಒಂದು ತೆಳು ಹತ್ತಿ ಬಟ್ಟೆ ತೂರಿಸಬೇಕು.

ಆಮೇಲೆ ತಲೆ. ಮಡಿಸಿದ ಬೈರಾಸನ್ನು (ಟವೆಲು) ತಲೆಯ ಅಡಿಗೆ, ಇನ್ನೊಂದನ್ನು ಮೇಲಕ್ಕೆ ಇಡಬೇಕು. ಮುಚ್ಚಳ ಹಾಕಿದಾಗ ಎರಡೂ ಹದವಾಗಿ ಒತ್ತಬೇಕು, ಬಲವಂತ ಮಾಡುವಂತಿರಬಾರದು. ತಲೆಯ ತುದಿ ಕೇಸಿನ ಗೋಡೆಗೆ ತಾಗಲೇಬಾರದು. ಕನಿಷ್ಠ ಎರಡು ಬೆರಳು ಜಾಗ, ಆ ಜಾಗದಲ್ಲಿ ಸ್ಪಂಜು. ಸೊಂಟದ ಎರಡೂ ಬದಿಗೆ ಬನಿಯನ್, ಕಾಲುಚೀಲ ತುರುಕಬಹುದು. ಮೇಲ್ಹಲಗೆಯ ಮೇಲೆ, ಅದರಲ್ಲೂ ತಂತಿಗಳ ಬುಡ ಕಟ್ಟಿರುವ ಬ್ರಿಜ್‌ನ ಹತ್ತಿರ, ಏನೂ ಇಡಬೇಡಿ. ಆ ಹಲಗೆ ಬರೀ 3 ಮಿ.ಮೀ. ದಪ್ಪ.

ಹೆಚ್ಚಿನವರು ಮರೆಯುವುದು ಗಿಟಾರಿನ ಬುಡವನ್ನು. ಬುಡದಲ್ಲಿ ಪಟ್ಟಿ ಸಿಕ್ಕಿಸುವ ಗುಂಡಿಯೋ, ಸದ್ದನ್ನು ಸ್ಪೀಕರಿಗೆ ಕಳಿಸುವ ಪಿಕಪ್‌ನ ಜ್ಯಾಕೋ ಒಂದು ಸೆಂಟಿಮೀಟರ್ ಹೊರಗೆ ಚಾಚಿರುತ್ತದೆ. ಕೇಸನ್ನು ನೆಟ್ಟಗೆ ಎತ್ತಿ ಧೊಪ್ಪನೆ ನಿಲ್ಲಿಸಿದರೆ ಗಿಟಾರಿನ ಇಡೀ ಭಾರ ಆ ಗುಂಡಿಯ ಮೇಲೆಯೇ. ಅದು ಮೊಳೆಯಂತೆ ಒಳಕ್ಕೆ ನುಗ್ಗಿ ಬುಡದ ಮರದ ತುಂಡನ್ನು ಸೀಳುತ್ತದೆ, ಬಿರುಕು ಎರಡೂ ಬದಿಯ ಹಲಗೆಗೆ ಹಬ್ಬುತ್ತದೆ. ತಿರುಪಿನ ಗುಂಡಿಯಾದರೆ ಬಿಚ್ಚಿ ಚೀಲಕ್ಕೆ ಹಾಕಿಕೊಳ್ಳಿ. ಜ್ಯಾಕ್ ಆದರೆ ಎರಡು ಅಂಗುಲ ದಪ್ಪದ ಫೋಮಿನಲ್ಲಿ ನಡುವೆ ತೂತು ಕೊರೆದು, ಜ್ಯಾಕ್ ತೂತಿನೊಳಗೆ ಕೂತು ಭಾರ ಸುತ್ತಲಿನ ಮರಕ್ಕೆ ಬೀಳುವಂತೆ ಮಾಡಿ. ಹಳೆಯ ಹವಾಯಿ ಚಪ್ಪಲಿ ಕತ್ತರಿಸಿದರೂ ನಡೆಯುತ್ತದೆ.

ಮುಚ್ಚಿ, ಕೇಸನ್ನು ಎದೆಗೆ ಹಿಡಿದು ಜೋರಾಗಿ ಕುಲುಕಿ. ಒಳಗಿಂದ ಡಗ ಡಗ ಎಂದರೆ ಮತ್ತೆ ಬಿಚ್ಚಿ ಕಟ್ಟಬೇಕು.

ಇನ್ನು ಒಳಗೆ ಒಯ್ಯುವುದೋ ಲಗೇಜಿಗೆ ಹಾಕುವುದೋ ಎನ್ನುವ ಪ್ರಶ್ನೆ. ನಮ್ಮ ಹೆಚ್ಚಿನ ವಿಮಾನಗಳಲ್ಲಿ ಕೈಚೀಲಕ್ಕೆ 7 ಕಿಲೋ, 55×35×25 ಸೆ.ಮೀ. ಎಂಬ ಮಿತಿ. ಪೂರ್ಣ ಗಾತ್ರದ ಅಕೂಸ್ಟಿಕ್ ಗಿಟಾರು ಒಂದು ಮೀಟರಿಗಿಂತ ಉದ್ದ. ತೂಕದಲ್ಲಿ ಪಾಸು, ಅಳತೆಯಲ್ಲಿ ಫೇಲು. ಒಳಗೆ ಬಿಟ್ಟರೆ ಅದು ಕೌಂಟರಿನವರ ದಾಕ್ಷಿಣ್ಯ, ಹಕ್ಕಲ್ಲ. ಅಮೆರಿಕದಲ್ಲಿ ಹಾಗಲ್ಲ. ಹತ್ತುವ ಹೊತ್ತಿಗೆ ಮೇಲಿನ ಗೂಡಿನಲ್ಲಿ ಜಾಗ ಇದ್ದರೆ ಗಿಟಾರನ್ನು ಬಿಡಲೇಬೇಕು ಎಂಬ ನಿಯಮ ಅಲ್ಲಿ 2015ರ ಮಾರ್ಚಿನಿಂದ ಜಾರಿಯಲ್ಲಿದೆ. ಅದನ್ನು ಮಂಗಳೂರಿನ ಕೌಂಟರಿನಲ್ಲಿ ಓದಿ ಹೇಳಿ ಪ್ರಯೋಜನ ಇಲ್ಲ. ಅಲ್ಲಿ ಕೆಲಸಕ್ಕೆ ಬರುವುದು ಇಂಥ ಮಾತು: "ಮೇಡಂ, ಇದರ ಮರ ತುಂಬ ತೆಳು ಉಂಟು. ಬೆಲ್ಟಿಗೆ ಹಾಕದೆ ಒಳಗೆ ತಕೊಂಡು ಹೋಗ್ಲಿಕ್ಕೆ ಆಗ್ತದಾ? ಆಗದಿದ್ರೆ ಕೈಯಲ್ಲೇ ಕಳಿಸಿ." ಹೆಗಲಲ್ಲಿ ಬೇರೆ ಚೀಲ ನೇತಾಡುತ್ತಿದ್ದರೆ ಈ ಮಾತು ನಡೆಯುವುದಿಲ್ಲ.

ಟಿಕೆಟಿನಲ್ಲಿ ವಿಮಾನದ ಮಾದರಿ ಯಾವುದು ಎಂದು ನೋಡಿಕೊಳ್ಳಿ. ಏರ್‌ಬಸ್ 320, ಬೋಯಿಂಗ್ 737 ಆದರೆ ಮೇಲಿನ ಗೂಡಿನಲ್ಲಿ ಗಿಗ್ ಬ್ಯಾಗ್ (ಮೆತ್ತನೆಯ ಗಿಟಾರು ಚೀಲ) ಉದ್ದಕ್ಕೆ ಮಲಗುತ್ತದೆ, ಮೊದಲು ಹತ್ತಿದವರಿಗೆ ಮಾತ್ರ. ಬೆಂಗಳೂರಿಗೆ ಹೋಗುವ ಎಟಿಆರ್ 72 ಆದರೆ ಆಸೆ ಬಿಡಿ. ಅದರ ಗೂಡು ಚಿಕ್ಕದು, ಏಣಿಯ ಹತ್ತಿರ ಗಿಟಾರು ಇಸಿದುಕೊಂಡು ಹೊಟ್ಟೆಗೆ ಹಾಕುತ್ತಾರೆ. ಆಗ ಕೈಯಲ್ಲಿರುವುದು ಮೆತ್ತನೆಯ ಚೀಲ, ಒಳಗೆ ಏನೂ ತುಂಬಿಲ್ಲ, ತಂತಿ ಪೂರ್ತಿ ಬಿಗಿ. ಹೀಗೆ ಮುರಿದವೇ ಜಾಸ್ತಿ. ಒಳಗೆ ಒಯ್ಯುತ್ತೇನೆ ಎಂದು ಹೊರಟರೂ ಹೊಟ್ಟೆಗೆ ಹೋಗುವ ಸಾಮಾನಿನಂತೆಯೇ ಕಟ್ಟಿ. ನಾನು ಈಗ ಗಿಗ್ ಬ್ಯಾಗ್ ಬಿಟ್ಟು ಫೋಮಿನ ಕೇಸು ಹಿಡಿಯುತ್ತೇನೆ. ಎರಡು, ಎರಡೂವರೆ ಕಿಲೋ, ಗೂಡಿಗೂ ಸೈ ಹೊಟ್ಟೆಗೂ ಸೈ. ಗೂಡಿನಲ್ಲಿ ಬೆನ್ನಡಿಯಾಗಿ ಮಲಗಿಸಿ, ಮೇಲೆ ನಿಮ್ಮದೇ ಜಾಕೆಟ್ ಹಾಕಿ. ಇಲ್ಲದಿದ್ದರೆ ಅಲ್ಲಿ ಯಾರದೋ ಟ್ರಾಲಿ ಬಂದು ಕೂರುತ್ತದೆ.

ದುಡ್ಡು ಕೊಟ್ಟು ಪಕ್ಕದ ಸೀಟು ತೆಗೆದುಕೊಳ್ಳಲೂ ಬರುತ್ತದೆ. ವೆಬ್‌ಸೈಟಿನಲ್ಲಿ ಗಿಟಾರನ್ನು ಎರಡನೇ ಪ್ರಯಾಣಿಕನ ಹೆಸರಾಗಿ ಬರೆಯಬೇಡಿ, ಕೌಂಟರಿನಲ್ಲಿ ಗೋಜಲಾಗುತ್ತದೆ. ಫೋನು ಮಾಡಿ 'ಸಿಬಿಬಿಜಿ' ಎಂದು ಕೇಳಿ. ಸೀಟಿನಲ್ಲಿ ಕೂರಿಸುವ ಸಾಮಾನಿಗೆ ವಿಮಾನದವರು ಬಳಸುವ ಸಂಕೇತ ಅದು. ಸಾಮಾನ್ಯವಾಗಿ ಕಿಟಕಿ ಸೀಟೇ ಕೊಡುತ್ತಾರೆ, ತುರ್ತು ಬಾಗಿಲಿನ ಸಾಲು ಕೊಡುವುದಿಲ್ಲ.

ಲಗೇಜಿಗೇ ಹಾಕುವುದಾದರೆ ಹಾರ್ಡ್ ಕೇಸು ಬೇಕೇ ಬೇಕು. ಉದ್ದ, ಅಗಲ, ದಪ್ಪ ಕೂಡಿಸಿದರೆ ಅದು ಸುಮಾರು 166 ಸೆ.ಮೀ. ಆಗುತ್ತದೆ. ಬಹಳ ಕಡೆ ಮಿತಿ 158. ಸಂಗೀತದ ಉಪಕರಣಕ್ಕೆ ಸಡಿಲ ಉಂಟು ಎಂದು ಫೋನಿನಲ್ಲಿ ಹೇಳಿದರೆ ಅದನ್ನು ಮೇಲ್ ಮಾಡಿಸಿಕೊಂಡು ಅಚ್ಚು ಹಾಕಿ ಒಯ್ಯಿರಿ. ಉಳಿದ ಪೆಟ್ಟಿಗೆಗಳ ಬೆಲ್ಟಿಗೆ ಬಿಡದೆ, ಅಳತೆ ಮೀರಿದ ಸಾಮಾನಿನ ಕೌಂಟರಿಗೆ ನಾನೇ ಕೊಡುತ್ತೇನೆ ಎನ್ನಿ. 'ಫ್ರಾಜೈಲ್' ಚೀಟಿ ಅಂಟಿಸುವಾಗ ಸಹಿ ಕೇಳಿದರೆ ಓದಿ ಸಹಿ ಹಾಕಿ. ಹಾನಿಗೆ ತಾವು ಹೊಣೆಯಲ್ಲ ಎಂಬ ಒಕ್ಕಣೆ ಅದರಲ್ಲಿರುವುದುಂಟು. ಕೇಸಿಗೆ ಎರಡು ಲಗೇಜ್ ಪಟ್ಟಿ ಬಿಗಿಯಿರಿ, ಒಂದು ಚಿಲಕ ಹಾರಿದರೂ ಬಾಯಿ ತೆರೆಯದ ಹಾಗೆ.

ಭದ್ರತಾ ತಪಾಸಣೆಯಲ್ಲಿ ಸಿಕ್ಕಿಬೀಳುವುದು ಚಿಲ್ಲರೆ ಸಾಮಾನು. ತಂತಿ ಕತ್ತರಿಸುವ ಇಕ್ಕಳ, ಅಲೆನ್ ಕೀ, ಸ್ಕ್ರೂಡ್ರೈವರ್, ಬಿಡಿ ತಂತಿಯ ಪೊಟ್ಟಣ ಎಲ್ಲ ಲಗೇಜಿಗೆ. ಬಿಡಿ ಲಿಥಿಯಂ ಬ್ಯಾಟರಿ ಮಾತ್ರ ತಿರುಗಾಮುರುಗಾ, ಅದು ಕೈಚೀಲದಲ್ಲೇ ಇರಬೇಕು.

ಹೊರಡುವ ಮೊದಲು ತಲೆಯ ಹಿಂಬದಿ, ಬ್ರಿಜ್, ಬುಡ, ಒಳಗಿನ ಕ್ರಮಸಂಖ್ಯೆ ಇಷ್ಟಕ್ಕೆ ಫೋಟೋ ಇರಲಿ. ಇಳಿದಲ್ಲಿ ಬೆಲ್ಟಿನ ಪಕ್ಕದಲ್ಲೇ ಕೇಸು ತೆರೆದು, ನಟ್‌ನ ಹಿಂದೆ ಉಗುರು ಎಳೆದು ನೋಡಿ. ಕೂದಲಿನಷ್ಟು ಸಣ್ಣ ಬಿರುಕು ಕಣ್ಣಿಗಿಂತ ಮೊದಲು ಉಗುರಿಗೆ ಸಿಗುತ್ತದೆ. ಹಾನಿ ಕಂಡರೆ ಹೊರಬಾಗಿಲು ದಾಟುವ ಮುಂಚೆಯೇ ಲಗೇಜ್ ಕೌಂಟರಿನಲ್ಲಿ ವರದಿ ಬರೆಸಬೇಕು. ಅಂತಾರಾಷ್ಟ್ರೀಯ ಪ್ರಯಾಣಕ್ಕೆ ಅನ್ವಯಿಸುವ ಮಾಂಟ್ರಿಯಲ್ ಒಪ್ಪಂದದಂತೆ ಹಾನಿಯ ದೂರು ಸಾಮಾನು ಕೈಸೇರಿದ 7 ದಿನದೊಳಗೆ ಬರಹದಲ್ಲಿ ಹೋಗಬೇಕು. 2024ರ ಡಿಸೆಂಬರ್ 28ರಿಂದ ಪರಿಹಾರದ ಮಿತಿ ಒಬ್ಬ ಪ್ರಯಾಣಿಕನಿಗೆ, ಅಂತಾರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಹಣದಲ್ಲಿ, 1,519 ಎಸ್‌ಡಿಆರ್. ಅದು ಇಡೀ ಲಗೇಜಿಗೆ ಸೇರಿದ ಮೊತ್ತ. ಗಿಟಾರು ಅದಕ್ಕಿಂತ ಬೆಲೆಬಾಳುವುದಾದರೆ ಚೆಕ್-ಇನ್ ಮಾಡುವಾಗಲೇ ಬೆಲೆ ಘೋಷಿಸಿ ಹೆಚ್ಚಿನ ಶುಲ್ಕ ಕಟ್ಟುವ ದಾರಿ ಉಂಟು. ದುಬಾರಿ ಗಿಟಾರನ್ನು ವಿದೇಶಕ್ಕೆ ಒಯ್ಯುವವರು ಹೊರಡುವಾಗ ಕಸ್ಟಮ್ಸ್‌ನಲ್ಲಿ ರಫ್ತು ಪ್ರಮಾಣಪತ್ರ ಮಾಡಿಸಿಕೊಂಡರೆ ವಾಪಸು ಬರುವಾಗ 'ಅಲ್ಲಿ ಕೊಂಡದ್ದಾ?' ಎಂಬ ಚರ್ಚೆ ಇಲ್ಲ. ಬೀಟಿ (ರೋಸ್‌ವುಡ್) ಮರದ ಗಿಟಾರಿಗೆ ಪರವಾನಗಿ ಬೇಕೇ ಎಂದು ಹೆದರುವವರಿದ್ದಾರೆ. ತಯಾರಾದ ವಾದ್ಯಗಳಿಗೆ 2019ರ ನವೆಂಬರಿನಿಂದ ವಿನಾಯಿತಿ ಇದೆ. ಬ್ರೆಜಿಲಿನ ರೋಸ್‌ವುಡ್ ಮಾತ್ರ ಈ ವಿನಾಯಿತಿಯ ಹೊರಗೆ.

ಕೊಲ್ಲಿಯಲ್ಲಿ ಬೇಸಿಗೆಯಲ್ಲಿ ಇಳಿದರೆ ಕೇಸನ್ನು ಕಾರಿನ ಡಿಕ್ಕಿಯಲ್ಲಿ ಬಿಟ್ಟು ಊಟಕ್ಕೆ ಹೋಗಬೇಡಿ. ಕಪ್ಪು ಕೇಸು ಬಿಸಿಲಲ್ಲಿ ಕಾದರೆ ಅಂಟು ಮೆತ್ತಗಾಗಿ ಬ್ರಿಜ್ ಏಳುತ್ತದೆ. ಕೋಣೆಗೆ ಬಂದ ಮೇಲೂ ಕೇಸು ಮುಚ್ಚಿಯೇ ಮೂರು ಗಂಟೆ ಇಡಿ. ಆಮೇಲೆ ಅರ್ಧ ಸ್ವರ ಕೆಳಗೆ ಶ್ರುತಿ ಮಾಡಿ, ಇಪ್ಪತ್ತು ನಿಮಿಷ ಬಿಟ್ಟು ಪೂರ್ತಿ ಏರಿಸಿ.

ಕರಾವಳಿಯವರಿಗೆ ಇನ್ನೊಂದು ತಾಪತ್ರಯ ಉಂಟು. ಮಳೆಗಾಲದ ಆಟಿ ತಿಂಗಳಲ್ಲಿ ನಮ್ಮಲ್ಲಿ ಮದ್ದಳೆಯ ಚರ್ಮ ಸಡಿಲವಾಗುವ ಹಾಗೆ ಗಿಟಾರಿನ ಮೇಲ್ಹಲಗೆ ನೀರು ಕುಡಿದು ಉಬ್ಬುತ್ತದೆ, ತಂತಿ ಮೇಲೇಳುತ್ತದೆ, ಬೆರಳು ನೋಯುತ್ತದೆ. ತಡೆಯಲಾರದೆ ಸ್ಯಾಡಲ್, ಅಂದರೆ ಬ್ರಿಜ್ ಮೇಲೆ ತಂತಿ ಕೂರುವ ಪಟ್ಟಿ, ಉಜ್ಜಿ ತಗ್ಗಿಸುತ್ತೇವೆ. ಅದೇ ಗಿಟಾರು ಕೊಲ್ಲಿಯ ಎಸಿ ಸಭಾಂಗಣದಲ್ಲಿ ಎರಡು ದಿನ ಇದ್ದರೆ ಹಲಗೆ ಒಣಗಿ ಇಳಿಯುತ್ತದೆ, ತಂತಿ ಫ್ರೆಟ್‌ಗೆ ತಾಗಿ ಜುಯ್ ಎನ್ನುತ್ತದೆ, ಫ್ರೆಟ್ಟಿನ ತುದಿಗಳು ಅಂಗೈಗೆ ಚುಚ್ಚುತ್ತವೆ. ಉಜ್ಜಿದ ಸ್ಯಾಡಲ್ ಮತ್ತೆ ಬೆಳೆಯುವುದಿಲ್ಲ. ನನ್ನ ಕೇಸಿನಲ್ಲಿ ಎರಡು ಸ್ಯಾಡಲ್ ಇರುತ್ತವೆ: ತಗ್ಗಿನದು ಮಳೆಗಾಲಕ್ಕೆ, ಅರ್ಧ ಮಿ.ಮೀ. ಎತ್ತರದ್ದು ಒಣ ಊರಿಗೆ. ಅಡಿಯಲ್ಲಿ ಪಿಕಪ್ ಇದ್ದರೆ ಬದಲಿಸುವಾಗ ಸ್ಯಾಡಲ್ ತನ್ನ ಸೀಳಿನಲ್ಲಿ ಸಪಾಟಾಗಿ ಕೂತಿದೆಯೇ ನೋಡಿ. ಓರೆಯಾದರೆ ಒಂದೋ ಎರಡೋ ತಂತಿಯ ಸದ್ದು ಸ್ಪೀಕರಿಗೆ ಹೋಗುವುದೇ ಇಲ್ಲ.