‘ವೆರಿ ವೇಗ್’ ಎಂದು ಬರೆದರೆ ಸಾಲದು

ಕಾಸರಗೋಡಿನ ಸರಕಾರಿ ಕಚೇರಿಗೆ ಕನ್ನಡದಲ್ಲೇ ಬರೆದು ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕು ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯಲ್ಲಿದೆ. ಆದರೂ ಮಾಹಿತಿ ಹಕ್ಕಿನ ಮೇಲ್ಮನವಿ ಎಂದರೆ ತಿರುವನಂತಪುರ ಮುಟ್ಟಬಹುದಾದ ಕಾಗದ, ಇಂಗ್ಲಿಷಿನಲ್ಲೇ ಬರೆದುಕೊಡಿ ಎನ್ನುವವರು ಇದ್ದಾರೆ. ಅಂಥ ಕಾಗದಗಳಲ್ಲಿ ಮತ್ತೆ ಮತ್ತೆ ಬರುವ ದೂರು ಒಂದೇ: ಬಂದ ಉತ್ತರ ಸ್ಪಷ್ಟವಿಲ್ಲ. ಅದನ್ನು ಇಂಗ್ಲಿಷಿನಲ್ಲಿ ಒತ್ತಿ ಹೇಳುವಾಗ ನಾನು ಅನುಸರಿಸುವ ಕ್ರಮ ಇದು.

ಮೊದಲು ಗುಣವಾಚಕ ಸರಿಯಾಗಬೇಕು. ‘ಸೂಕ್ತ ಕ್ರಮ ಕೈಗೊಳ್ಳಲಾಗುವುದು’ ಎಂದರೆ ಯಾವ ಕ್ರಮ, ಯಾವಾಗ ಎಂದು ಗೊತ್ತಾಗುವುದಿಲ್ಲ. ಇದು ವೇಗ್ (ನಮ್ಮ ವೇಗಕ್ಕೂ ಇದಕ್ಕೂ ಸಂಬಂಧವಿಲ್ಲ). ‘ಪಂಚಾಯತಿಗೆ ಸೇರಿದ ರಸ್ತೆ ಮತ್ತು ತೋಡು (ಹಳ್ಳ)’ ಎಂದಿದ್ದರೆ ತೋಡೂ ಪಂಚಾಯತಿಯದೋ, ರಸ್ತೆ ಮಾತ್ರವೋ? ಅರ್ಥ ಎರಡು, ಒಂದೊಂದೂ ಬೇರೆಬೇರೆಯಾಗಿ ಸ್ಪಷ್ಟ. ಇದು ಆಂಬಿಗ್ಯುಅಸ್. ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ಮುಂದೆ ಯಾವ ವಿಶೇಷಣ ಸೇರಿಸಿದರೂ ವಾಕ್ಯ ನೆಟ್ಟಗಾಗದು.

ಆಮೇಲೆ ಒತ್ತು. ‘ತುಂಬಾ’ ಎಂದು ಮನಸ್ಸಿನಲ್ಲಿ ಬಂದದ್ದೆಲ್ಲ ಕೈಯಲ್ಲಿ ‘ವೆರಿ’ ಆಗುತ್ತದೆ. ವೆರಿ ವೇಗ್ ತಪ್ಪಲ್ಲ, ಸಪ್ಪೆ. ವೆರಿ ಮೀನಿಂಗ್‌ಲೆಸ್, ವೆರಿ ಅನ್‌ಇಂಟೆಲಿಜಿಬಲ್ (ಅರ್ಥವೇ ಆಗದ) ಮಾತ್ರ ಕಿವಿಗೆ ಹೊಂದುವುದಿಲ್ಲ. ಅರ್ಥವೇ ಇಲ್ಲದ್ದರಲ್ಲಿ ಹೆಚ್ಚು ಕಡಿಮೆ ಎಲ್ಲಿಯದು? ಅಲ್ಲಿ ‘ಪೂರ್ತಿ’ ಎನ್ನುವ ಅಟರ್ಲಿ ಅಥವಾ ಕಂಪ್ಲೀಟ್‌ಲಿ ಬೇಕು. ಕನ್ನಡದಲ್ಲೂ ಇಂಥ ಜೋಡಿಗಳಿವೆ. ಕಡುಬಡವ ಇದ್ದಾನೆ, ಕಡುಸಿರಿವಂತ ಇಲ್ಲ. ಕಗ್ಗತ್ತಲೆ ಇದೆ, ಕಗ್ಗಬೆಳಕು ಇಲ್ಲ. ಹಾಗೆಯೇ ಹೋಪ್‌ಲೆಸ್‌ಲಿ ವೇಗ್ ಎನ್ನುತ್ತಾರೆ, ಹೋಪ್‌ಲೆಸ್‌ಲಿ ಕ್ಲಿಯರ್ ಎನ್ನುವುದಿಲ್ಲ. ಇವನ್ನು ಜೋಡಿಯಾಗಿಯೇ ನೆನಪಿಡಬೇಕು, ಬಿಡಿಬಿಡಿಯಾಗಿ ಅಲ್ಲ.

ಎಡವುವುದು ಬೇರೆ ಕಡೆ. ಈ ಕ್ರಿಯಾವಿಶೇಷಣಗಳು ‘ಎಷ್ಟು’ ಎಂಬುದರ ಜೊತೆಗೆ ಇನ್ನೊಂದು ಮಾತನ್ನೂ ಒಳಗೇ ಹೇಳಿಬಿಡುತ್ತವೆ. ಹೋಪ್‌ಲೆಸ್‌ಲಿ ಎಂದರೆ ತಿದ್ದಿಯೂ ಪ್ರಯೋಜನವಿಲ್ಲ ಎಂದ ಹಾಗೆ. ತಿದ್ದಿಕೊಡಿ ಎಂದು ಕೇಳುವ ಅರ್ಜಿಯಲ್ಲಿ ಅದು ನಮ್ಮ ಬೇಡಿಕೆಗೇ ಅಡ್ಡ. ಮ್ಯಾಡನಿಂಗ್‌ಲಿ, ಫ್ರಸ್ಟ್ರೇಟಿಂಗ್‌ಲಿ ಓದಿದವರ ಸಿಟ್ಟನ್ನು ಹೇಳುತ್ತವೆ, ಉತ್ತರದ ದೋಷವನ್ನಲ್ಲ. ಪತ್ರಿಕೆಯ ಲೇಖನಕ್ಕೆ ಚೆಂದ. ಡೆಲಿಬರೇಟ್‌ಲಿ, ವಿಲ್‌ಫುಲಿ ಎಂದರೆ ಬೇಕೆಂದೇ ಹೀಗೆ ಬರೆದಿದ್ದಾರೆ ಎಂಬ ಆರೋಪ. ಕೈಯಲ್ಲಿ ದಾಖಲೆ ಇಲ್ಲದೆ ಇವನ್ನು ಹಾಕಿದರೆ ಚರ್ಚೆ ಉತ್ತರದಿಂದ ಜಾರಿ ಅಧಿಕಾರಿಯ ಮನಸ್ಸಿನ ಕಡೆ ಹೋಗುತ್ತದೆ. ನೋಟೋರಿಯಸ್‌ಲಿ, ಅಸ್ಪಷ್ಟತೆಗೆ ಮೊದಲೇ ಹೆಸರಾದ ‘ರೀಸನಬಲ್’ನಂಥ ಪದಕ್ಕೆ ಒಪ್ಪುತ್ತದೆ; ಮೊನ್ನೆ ಬಂದ ಒಂದು ಕಾಗದಕ್ಕೆ ಅಷ್ಟು ಬೇಗ ಕುಖ್ಯಾತಿ ಬರುವುದಿಲ್ಲ.

ನನಗೆ ಹೆಚ್ಚು ಒದಗುವುದು ನೀಡ್‌ಲೆಸ್‌ಲಿ, ಅಂದರೆ ವಿನಾಕಾರಣ. ಸ್ಪಷ್ಟವಾಗಿ ಬರೆಯಲು ಸಾಧ್ಯವಿತ್ತು ಎಂಬುದನ್ನು ಅದು ಹೇಳುತ್ತದೆ, ಮತ್ತು ಅದನ್ನು ತೋರಿಸಿಕೊಡಬಹುದು: ‘ದ ರಿಪ್ಲೈ ಈಸ್ ನೀಡ್‌ಲೆಸ್‌ಲಿ ವೇಗ್ ಅಬೌಟ್ ದ ಡೇಟ್ ಆಫ್ ಸರ್ವೆ’ ಎಂದು ಬರೆದು, ಮರುಸಾಲಿನಲ್ಲೇ ಆ ದಿನಾಂಕ ಇರುವ ರಿಜಿಸ್ಟರಿನ ಹೆಸರು, ಪುಟದ ನಂಬ್ರ. ‘ಅಬೌಟ್’ ಇಲ್ಲದಿದ್ದರೆ ಎಲ್ಲಿ ಅಸ್ಪಷ್ಟ ಎಂಬುದೇ ಅಸ್ಪಷ್ಟವಾಗಿ ಉಳಿಯುತ್ತದೆ. ಒಂದು ದೋಷಕ್ಕೆ ಒಂದೇ ವಿಶೇಷಣ. ಎರಡನೆಯದು ಬಂದರೆ ಮೊದಲನೆಯದರ ಮೇಲೆ ನಂಬಿಕೆ ಕಡಿಮೆಯಾಗುತ್ತದೆ.

ಒತ್ತುಪದವೇ ಮಸುಕಾಗಿ ಕಾನೂನು ಎಡವಿದ್ದೂ ಉಂಟು. ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಎ ಸೆಕ್ಷನ್ನಿನಲ್ಲಿ ‘ಗ್ರೋಸ್‌ಲಿ ಅಫೆನ್ಸಿವ್’ (ತೀರಾ ನೋಯಿಸುವ) ಎಂದಿತ್ತು. ಎಷ್ಟು ನೋಯಿಸಿದರೆ ‘ಗ್ರೋಸ್‌ಲಿ’? ಅಳತೆಯೇ ಇರಲಿಲ್ಲ. ಇಂಥ ಪದಗಳ ಅಸ್ಪಷ್ಟತೆಯೂ ಒಂದು ಕಾರಣವಾಗಿ ಸುಪ್ರೀಂ ಕೋರ್ಟು 2015ರ ಮಾರ್ಚ್ 24ರಂದು ಆ ಸೆಕ್ಷನ್ನನ್ನು ರದ್ದುಮಾಡಿತು.

ಮೊದಲ ಮೇಲ್ಮನವಿಗೆ ಉತ್ತರ ಕೈಸೇರಿದ ದಿನದಿಂದ 30 ದಿನಗಳ ಅವಧಿ. ಅದೂ ಫಲಿಸದೆ ಮಾಹಿತಿ ಆಯೋಗಕ್ಕೆ ದೂರು ಕೊಡುವುದಾದರೆ ವಿಶೇಷಣಗಳನ್ನೆಲ್ಲ ತೆಗೆದುಬಿಡುತ್ತೇನೆ. 2005ರ ಮಾಹಿತಿ ಹಕ್ಕು ಕಾಯಿದೆಯ 18ನೇ ಸೆಕ್ಷನ್ ಹೇಳುವ ಕಾರಣಗಳಲ್ಲಿ ಇನ್‌ಕಂಪ್ಲೀಟ್, ಮಿಸ್‌ಲೀಡಿಂಗ್, ಫಾಲ್ಸ್ ಇವೆ, ವೇಗ್ ಇಲ್ಲ. ದಿನಾಂಕ ಕೊಡದ ಉತ್ತರ ಅಲ್ಲಿ ಬರೇ ಇನ್‌ಕಂಪ್ಲೀಟ್.