ಲೋಟ ಬೇರೆ ಇಟ್ಟವರು ಮೊದಲು ಹೇಳಲಿ

ನಮ್ಮ ಕಡೆ ಜಾತಿಯನ್ನು ನೇರವಾಗಿ ಕೇಳುವುದು ಕಡಿಮೆ, ‘ನಿಮ್ದು ಯಾವ ಜನ?’ ಅನ್ನುತ್ತಾರೆ. ಕ್ರೈಸ್ತರು ಇನ್ನೂ ನಾಜೂಕು. ‘ನಿಮ್ಮ ತಾತ ಸಭೆಗೆ (ಅಂದರೆ ಚರ್ಚಿಗೆ) ಬಂದಿದ್ದು ಯಾವಾಗ?’, ‘ಮೂಲ ಯಾವ ಊರು, ಅಲ್ಲಿ ಮನೆ ಎಲ್ಲಿ ಬರುತ್ತೆ?’ ಇಷ್ಟರಲ್ಲಿ ಮನೆ ಊರೊಳಗಿನದೋ ಕೇರಿಯದೋ ಗೊತ್ತಾಗಿಬಿಡುತ್ತದೆ. ಹೆಣ್ಣು ನೋಡಲು ಹೋದಾಗ ನಾನೂ ಹೀಗೆ ಕೇಳಿದವನೇ.

ನಾನು ಪಾಸ್ಟರ್ ಅಲ್ಲ, ದಾವಣಗೆರೆಯಲ್ಲಿ ಹೈಸ್ಕೂಲ್ ಮೇಷ್ಟ್ರಾಗಿ ನಿವೃತ್ತನಾದವನು. ಶುಕ್ರವಾರ ಸಂಜೆ ನಮ್ಮ ಮನೆಯಲ್ಲಿ ಪ್ರಾರ್ಥನಾ ಕೂಟ, ಹದಿನೆಂಟು-ಇಪ್ಪತ್ತು ಜನ. ಮುಗಿದ ಮೇಲೆ ಮಂಡಕ್ಕಿ, ಮಿರ್ಚಿ, ಚಹಾ. ಈ ಕೂಟದಲ್ಲಿ ಜಾತಿಯ ಮಾತು ಎತ್ತಬೇಕು ಅಂತ 2019ರಲ್ಲಿ ಮನಸ್ಸು ಮಾಡಿದೆ. ಕಾರಣ ಒಂದು ಮದುವೆ. ಹುಡುಗ, ಹುಡುಗಿ ಇಬ್ಬರೂ ನಮ್ಮ ಸಂಡೆ ಸ್ಕೂಲಿನಲ್ಲೇ ಬೆಳೆದವರು, ಇಬ್ಬರಿಗೂ ಒಪ್ಪಿಗೆ ಇತ್ತು. ಮಾತುಕತೆ ಮುರಿಯಿತು. ಯಾಕೆ ಅಂತ ಯಾರೂ ಹೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಮೊದಲ ಸಲ ಗಲಾತ್ಯದವರಿಗೆ ಬರೆದ ಪತ್ರಿಕೆಯ 3:28 ತೆಗೆದುಕೊಂಡು ಮುಕ್ಕಾಲು ಗಂಟೆ ಸಂದೇಶ ಕೊಟ್ಟೆ. ಕ್ರಿಸ್ತನಲ್ಲಿ ಯೆಹೂದ್ಯ, ಗ್ರೀಕ ಎಂಬ ಭೇದವಿಲ್ಲ. ಎಲ್ಲರೂ ಆಮೆನ್ ಅಂದರು. ಹೊರಡುವಾಗ ಹಿರಿಯರೊಬ್ಬರು ಕೈ ಹಿಡಿದು, ‘ಒಳ್ಳೇ ಸಂದೇಶ ಮೇಷ್ಟ್ರೇ. ದೇವ್ರ ದಯೆ, ನಮ್ಮಲ್ಲಿ ಅಂಥದ್ದೆಲ್ಲ ಇಲ್ಲ ನೋಡ್ರಿ’ ಅಂದರು. ಮುರಿದುಬಿದ್ದದ್ದು ಅವರ ಮನೆಯದೇ ಸಂಬಂಧ! ಆ ವಚನವನ್ನು ನಾವು ಬಾಯಿಗೆ ಬೀಗ ಮಾಡಿಕೊಂಡಿದ್ದೇವೆ ಅಂತ ಆವತ್ತು ಅನ್ನಿಸಿತು. ಅದೇ ಪತ್ರಿಕೆಯ ಎರಡನೇ ಅಧ್ಯಾಯವನ್ನು ನಮ್ಮಲ್ಲಿ ಯಾರೂ ಅಷ್ಟಾಗಿ ಓದುವುದಿಲ್ಲ. ಅಂತಿಯೋಕ್ಯದಲ್ಲಿ ಯೆಹೂದ್ಯರಲ್ಲದ ಅನ್ಯಜನರ ಜೊತೆ ಉಣ್ಣುತ್ತಿದ್ದ ಪೇತ್ರ, ತನ್ನ ಕಡೆಯ ಯೆಹೂದ್ಯರು ಬಂದರು ಅಂತ ಪಂಕ್ತಿ ಬಿಟ್ಟು ಸರಿದುಕೊಂಡ. ಪೌಲ ಅದನ್ನು ಎಲ್ಲರೆದುರಿಗೇ ಎತ್ತಿ ಆಡಿದ.

ಎರಡನೇ ಸಲ ಮಾಡಿದ್ದು ಇನ್ನೂ ದೊಡ್ಡ ತಪ್ಪು. ಕೇರಿಯಿಂದ ಬಂದ ಮೂವರಿಗೆ ‘ನಿಮ್ಮ ಅನುಭವ ಸಾಕ್ಷಿ ಹೇಳಿ’ ಅಂದೆ. ಇಬ್ಬರು ನೆಲ ನೋಡಿದರು. ಚಳ್ಳಕೆರೆ ಕಡೆಯ ಒಬ್ಬ ಅಜ್ಜಿ ಮಾತ್ರ ಸೆರಗು ಸರಿಮಾಡಿಕೊಂಡು, ‘ಲೋಟ ಬೇರೆ ಇಟ್ಟೋರು ಮೊದ್ಲು ಹೇಳ್ಲಿ ಬಿಡಪ್ಪ. ಕುಡ್ದೋರ್ನ ಏನ್ ಕೇಳ್ತೀಯ?’ ಅಂದರು. ಆಮೇಲೆ ಮೂರು ಶುಕ್ರವಾರ ಅವರು ಬರಲಿಲ್ಲ.

ನಾಲ್ಕನೇ ಶುಕ್ರವಾರ ನಾನೇ ಹೇಳಿದೆ. ನಮ್ಮದು ಊರಲ್ಲಿ ಹೊಲ-ಮನೆ ಇದ್ದ ಮನೆತನ, ತಾತನ ಕಾಲದಲ್ಲಿ ಕ್ರೈಸ್ತರಾದದ್ದು. ಹಿತ್ತಲ ಗೋಡೆಯ ಗೂಡಿನಲ್ಲಿ ಒಂದು ಸ್ಟೀಲ್ ಲೋಟ ಇರುತ್ತಿತ್ತು. ಕಳೆ ಕೀಳಲು ಬರುತ್ತಿದ್ದ ಹೆಂಗಸಿಗೆ ಅದರಲ್ಲೇ ಚಹಾ. ಆಕೆ ನಮ್ಮ ಸಭೆಯವಳೇ. ಭಾನುವಾರ ನನ್ನ ಅವ್ವ, ಆಕೆ ಒಂದೇ ಪುಸ್ತಕ ಹಿಡಿದು ಕೀರ್ತನೆ ಹಾಡುತ್ತಿದ್ದರು. ಸೋಮವಾರ ಲೋಟ ಗೂಡಿನಲ್ಲಿ. ಆ ಲೋಟ ಮುಟ್ಟಬಾರದು ಅಂತ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಆದರೂ ಗೊತ್ತಿತ್ತು. ಇಷ್ಟು ಹೇಳುವಷ್ಟರಲ್ಲಿ ಗಂಟಲು ಒಣಗಿತ್ತು. ನನ್ನ ಹೆಂಡತಿಗೂ ಈ ಕಥೆ ಹೊಸದು.

ಆಮೇಲೆ ಯೋಹಾನನ ಸುವಾರ್ತೆಯ ನಾಲ್ಕನೇ ಅಧ್ಯಾಯ ಓದಿದೆವು. ಬಾವಿ ಆಳವಾಗಿದೆ, ಸೇದಲು ಯೇಸುವಿನ ಬಳಿ ಏನೂ ಇಲ್ಲ. ನೀರು ಕುಡಿಯಬೇಕೆಂದರೆ ಯೆಹೂದ್ಯರ ಜೊತೆ ಹೊಕ್ಕುಬಳಕೆ ಇಲ್ಲದ ಸಮಾರ್ಯದ ಹೆಂಗಸಿನ ಕೊಡದಿಂದಲೇ ಕುಡಿಯಬೇಕು. ಎಷ್ಟು ಸಲ ಓದಿದ್ದರೂ ನನಗೆ ಆ ಕೊಡ ಕಂಡಿದ್ದು ಆವತ್ತೇ. ಅಂದು ಇನ್ನಿಬ್ಬರು ತಮ್ಮ ತಮ್ಮ ಮನೆಯ ಲೋಟದ ಕಥೆ ಹೇಳಿದರು.

ಅಲ್ಲಿಂದ ಮುಂದೆ ‘ನಮ್ಮಲ್ಲಿ ಜಾತಿ ಇದೆಯಾ?’ ಅಂತ ನಾನು ಕೇಳಲೇ ಇಲ್ಲ, ಅದಕ್ಕೆ ಉತ್ತರ ಯಾವಾಗಲೂ ‘ಇಲ್ಲ’ ಅಂತಲೇ. ‘ಈ ವರ್ಷ ಯಾರ ಮನೆಯಲ್ಲಿ ಉಂಡಿದ್ದೀರಿ?’ ಅಂತ ಕೇಳಿದರೆ ಜನ ಲೆಕ್ಕ ಹಾಕುತ್ತಾರೆ, ಲೆಕ್ಕ ಹಾಕುತ್ತಲೇ ಸುಮ್ಮನಾಗುತ್ತಾರೆ.

ಇನ್ನೊಂದು ಕಟ್ಟುಪಾಡು ಮಾಡಿಕೊಂಡೆವು. ಯಾರ ಜಾತಿ ಸರ್ಟಿಫಿಕೇಟ್ ವಿಷಯವನ್ನೂ ಯಾರೂ ಎತ್ತಬಾರದು, ಕೂಟದಲ್ಲಿ ಆಡಿದ್ದನ್ನು ಹೊರಗೆ ಆಡಬಾರದು. ಕೇರಿಯವರ ಮೌನವನ್ನು ನಾನು ಬಹಳ ದಿನ ಹಿಂಜರಿಕೆ ಅಂದುಕೊಂಡಿದ್ದೆ, ಅದರ ಹಿಂದೆ ಕಾನೂನಿನ ಭಯ ಇತ್ತು. 1950ರ ರಾಷ್ಟ್ರಪತಿ ಆದೇಶದ ಮೂರನೇ ಪ್ಯಾರಾ ಪ್ರಕಾರ ಹಿಂದೂಗಳಾಗಿದ್ದರೆ ಮಾತ್ರ ಪರಿಶಿಷ್ಟ ಜಾತಿ. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತರು ಹೊರಗೇ ಉಳಿದರು. ಸೇರಿಸಿ ಅಂತ ರಂಗನಾಥ ಮಿಶ್ರಾ ಆಯೋಗ 2007ರಲ್ಲೇ ವರದಿ ಕೊಟ್ಟರೂ ಏನೂ ಬದಲಾಗಲಿಲ್ಲ. ನಮ್ಮ ರಾಜ್ಯದ ಹಿಂದುಳಿದ ವರ್ಗಗಳ ಮೀಸಲಾತಿ ಪಟ್ಟಿಯಲ್ಲಿ ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರು ಪ್ರವರ್ಗ 1ಕ್ಕೆ ಬರುತ್ತಾರೆ, ಉಳಿದ ಕ್ರೈಸ್ತರು 3ಬಿಗೆ. ಹೀಗಾಗಿ ಕೆಲವರಿಗೆ ಸಭೆಯಲ್ಲಿ ಒಂದು ಹೆಸರು, ದಾಖಲೆಯಲ್ಲಿ ಇನ್ನೊಂದು. ಬಾಯಿಬಿಟ್ಟರೆ ನನಗೆ ಹೋಗುವುದು ಮರ್ಯಾದೆ, ಅವರಿಗೆ ಹೋಗುವುದು ಮಗನ ಹಾಸ್ಟೆಲ್ ಸೀಟು. ಇಬ್ಬರೂ ಒಂದೇ ಧೈರ್ಯ ತೋರಿಸಬೇಕು ಅಂತ ಕೇಳುವುದು ಅನ್ಯಾಯ.

‘ಮೇಷ್ಟ್ರು ಒಗ್ಗಟ್ಟು ಒಡೀತಾರೆ’ ಅಂತ ಒಂದು ಕುಟುಂಬ ಬೇರೆ ಕೂಟಕ್ಕೆ ಹೋಯಿತು. ನೋವಾಯಿತು, ಸುಳ್ಳು ಹೇಳುವುದಿಲ್ಲ. ಕ್ಯಾಥೊಲಿಕ್ ಬಿಷಪ್ಪರ ಮಂಡಳಿ 2016ರಲ್ಲೇ ದಲಿತರ ಸಬಲೀಕರಣಕ್ಕೆ ಒಂದು ನೀತಿ ಹೊರಡಿಸಿ ಜಾತಿ ತಾರತಮ್ಯ ಪಾಪ ಅಂದಿತ್ತು. ದೇಶಕ್ಕೆಲ್ಲ ಹೇಳುವುದು ಸುಲಭವೋ ಏನೋ, ಇಪ್ಪತ್ತು ಜನರ ಕೋಣೆಯಲ್ಲಿ ಕಷ್ಟ. ಅಪೊಸ್ತಲರ ಕೃತ್ಯಗಳು ಆರನೇ ಅಧ್ಯಾಯದಲ್ಲಿ ಗ್ರೀಕ್ ಮಾತಾಡುವ ವಿಧವೆಯರಿಗೆ ದಿನದ ಹಂಚಿಕೆಯಲ್ಲಿ ಕಡಿಮೆ ಬೀಳುತ್ತಿದೆ ಅಂತ ಗೊಣಗಾಟ ಎದ್ದಾಗ, ಅಪೊಸ್ತಲರು ಒಗ್ಗಟ್ಟಿನ ಮಾತೆತ್ತಲಿಲ್ಲ. ಏಳು ಜನರನ್ನು ಆರಿಸಿ ಅಂದರು. ಆ ಏಳೂ ಗ್ರೀಕ್ ಹೆಸರುಗಳು. ಅಂದರೆ ದೂರು ಕೊಟ್ಟವರ ಕೈಗೇ ಸೌಟು.

ನಾವು ಅದನ್ನೇ ಹಿಡಿದೆವು. ಕ್ರಿಸ್ಮಸ್ ಊಟದಲ್ಲಿ ಕೇರಿಯ ಹೆಂಗಸರು ಈರುಳ್ಳಿ ಹೆಚ್ಚುತ್ತಿದ್ದರು, ಪಾತ್ರೆ ತಿಕ್ಕುತ್ತಿದ್ದರು. ಒಲೆ ಮುಂದೆ ನಿಲ್ಲುತ್ತಿರಲಿಲ್ಲ, ಬಡಿಸುತ್ತಿರಲಿಲ್ಲ. ಯಾರೂ ಬೇಡ ಅಂದಿರಲಿಲ್ಲ, ಹಾಗೇ ನಡೆದುಬಂದಿತ್ತು. 2022ರಲ್ಲಿ ಅಜ್ಜಿಯ ಕೈಗೆ ಅಡುಗೆ ಕೊಟ್ಟೆವು. ಆವತ್ತು ನಾಲ್ಕೈದು ಜನಕ್ಕೆ ಇದ್ದಕ್ಕಿದ್ದಂತೆ ಶುಗರ್ ಬಂದುಬಿಟ್ಟಿತ್ತು, ಬರೀ ಬಾಳೆಹಣ್ಣು ತಿಂದರು. ಮರುವರ್ಷ ಅವರಲ್ಲಿ ಇಬ್ಬರಿಗೆ ವಾಸಿಯಾಗಿತ್ತು.

ಮದುವೆಯ ವಿಷಯಕ್ಕೆ ಮಾತ್ರ ನಾವಿನ್ನೂ ಬಾಗಿಲಲ್ಲೇ ನಿಂತಿದ್ದೇವೆ. ‘ಕಲ್ಯಾಣದಾಗೆ ಹರಳಯ್ಯನ ಮಗಂದು, ಮಧುವರಸನ ಮಗಳ್ದು ಮದ್ವೆ ಮಾಡಿದ್ದಕ್ಕೆ ಏನಾತು ಗೊತ್ತಲ್ಲ’ ಅಂತ ಯಾರಾದರೂ ನಗೆಯಾಡಿ ಮಾತು ತೇಲಿಸುತ್ತಾರೆ.

2025ರ ಸೆಪ್ಟೆಂಬರ್ 22ರಿಂದ ರಾಜ್ಯದ ಹಿಂದುಳಿದ ವರ್ಗಗಳ ಆಯೋಗದ ಜಾತಿ ಸಮೀಕ್ಷೆ ಶುರುವಾಯಿತು. ಪಟ್ಟಿಯಲ್ಲಿ ‘ಬ್ರಾಹ್ಮಣ ಕ್ರಿಶ್ಚಿಯನ್’, ‘ಕುರುಬ ಕ್ರಿಶ್ಚಿಯನ್’ ಎಂಬಂಥ ಹೆಸರುಗಳಿವೆ ಅಂತ ಗದ್ದಲವೆದ್ದು, ಆಯೋಗ ಅಂಥ 33 ಹೆಸರುಗಳನ್ನು ಆ್ಯಪ್‌ನಲ್ಲಿ ಕಾಣದಂತೆ ಮಾಡಿತ್ತು. ಆ ವಾರ ಕೂಟದಲ್ಲಿ ಕೇಳಿದರು: ‘ಜಾತಿ ಅಂತ ಏನ್ ಬರೆಸ್ಬೇಕ್ರಿ ಮೇಷ್ಟ್ರೇ?’ ಆರು ವರ್ಷದ ಹಿಂದಾಗಿದ್ದರೆ ಯಾರೂ ನನ್ನನ್ನು ಕೇಳುತ್ತಿರಲಿಲ್ಲ. ಒಬ್ಬರು ‘ಕ್ರೈಸ್ತ ಅಂತಷ್ಟೇ’ ಅಂದರು, ಇನ್ನೊಬ್ಬರು ‘ಹಂಗ್ ಬರೆಸಿದ್ರೆ ನಮ್ ಲೆಕ್ಕನೇ ಸಿಗಲ್ಲಲ್ರೀ’ ಅಂದರು. ದನಿ ಏರಿತು. ನಾನು ಕ್ರೈಸ್ತ ಅಂತಷ್ಟೇ ಬರೆಸುತ್ತೇನೆ ಅಂದೆ.

ಅಜ್ಜಿ ನಕ್ಕರು. ‘ನೀ ಏನ್ ಬರೆಸಿದ್ರೂ ನಡೀತೈತಿ ಬಿಡಪ್ಪ.’

ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಬೇರೆಯವರು ಮಾತು ಮುಂದುವರಿಸಿದರು. ಪ್ರಾರ್ಥನೆ ಮುಗಿಸಿ ಏಳುವಾಗ ಒಂಬತ್ತೂವರೆ. ಮಂಡಕ್ಕಿ ಮೆತ್ತಗಾಗಿತ್ತು, ಹಾಗೇ ತಿಂದೆವು.