ಕಡಿಮೆ ಖರ್ಚಿನಲ್ಲಿ ಮರ ಕಡೆಯುವ ಉಳಿಗಳು: ಹೊಸಬರು ಏನು ಕೊಳ್ಳಬೇಕು, ಎಲ್ಲಿ ಹುಡುಕಬೇಕು?

ಬುಗುರಿ, ಲಟ್ಟಣಿಗೆ, ಕಡಗೋಲು, ಮಂಚದ ಕಾಲು... ಲೇತ್ ಮೇಲೆ ಮರ ತಿರುಗಿಸಿ ಇಂಥದ್ದನ್ನೆಲ್ಲ ನಾವೇ ಮಾಡಬೇಕು ಅನ್ನೋ ಆಸೆ ಬಹಳ ಜನರಿಗಿದೆ. ಆನ್‌ಲೈನ್‌ನಲ್ಲಿ ಬೆಲೆ ನೋಡಿದ ಕೂಡಲೇ ಆ ಆಸೆ ತಣ್ಣಗಾಗುತ್ತದೆ. ಹೊರದೇಶದ ಉಳಿಗಳು ಕೈಗೆಟುಕುವುದಿಲ್ಲ. ಅಗ್ಗಕ್ಕೆ ಸಿಗುವುದು ಮರದ ಪೆಟ್ಟಿಗೆಯಲ್ಲಿ ಜೋಡಿಸಿಟ್ಟ ಎಂಟು ಉಳಿಗಳ ಸೆಟ್. ನೋಡಲು ಚೆಂದ, ಬೆಲೆಯೂ ಕಡಿಮೆ. ದಯವಿಟ್ಟು ಅದನ್ನು ಕೊಳ್ಳಬೇಡಿ. ಎಂಟರಲ್ಲಿ ಐದನ್ನು ಹೊಸಬರು ಮುಟ್ಟುವುದೇ ಇಲ್ಲ. ಉಳಿದ ಮೂರರ ಉಕ್ಕು ಬೇಗ ಮೊಂಡಾಗುತ್ತದೆ.

ನಿಮ್ಮ ಹತ್ತಿರ ಉಳಿಗೆಂದು ಹತ್ತು ರೂಪಾಯಿ ಇದೆ ಅಂದುಕೊಳ್ಳಿ. ಐದು ರೂಪಾಯಿಗೆ ಮೂರೇ ಮೂರು ಒಳ್ಳೆಯ ಉಳಿ ಕೊಳ್ಳಿ. ನಾಲ್ಕು ರೂಪಾಯಿಯನ್ನು ಸಾಣೆಗೆ ಎತ್ತಿಡಿ. ಉಳಿದದ್ದು ಮುಖಕವಚಕ್ಕೆ. ಸಾಣೆಗೆ ಇಷ್ಟೊಂದಾ ಅನ್ನಿಸಬಹುದು. ಹರಿತವಾದ ಸಾದಾ ಉಳಿ ಮಾಡುವ ಕೆಲಸವನ್ನು ಮೊಂಡಾದ ದುಬಾರಿ ಉಳಿ ಮಾಡುವುದಿಲ್ಲ.

ಮೊದಲು: ಏನು ಕಡೆಯುತ್ತೀರಿ?

ಕಡೆಯುವ ಕೆಲಸದಲ್ಲಿ ಎರಡು ಬಗೆ. ಮರವನ್ನು ಎರಡೂ ತುದಿಯಲ್ಲಿ ಸಿಕ್ಕಿಸಿ ಉದ್ದಕ್ಕೆ ಕಡೆಯುವುದು ಒಂದು. ಲಟ್ಟಣಿಗೆ, ಕಡಗೋಲು ಆಗುವುದು ಹೀಗೆ. ಒಂದೇ ಕಡೆ ಹಿಡಿಸಿ ಒಳಗೆ ತೋಡುವುದು ಇನ್ನೊಂದು. ಬಟ್ಟಲು, ಬೋಗುಣಿ ಈ ಸಾಲಿಗೆ ಬರುತ್ತವೆ. ಬಟ್ಟಲಿಗೆ ಭಾರದ ಲೇತ್ ಬೇಕು, ದಪ್ಪ ಉಳಿ ಬೇಕು, ಸಾಮಾನ್ಯವಾಗಿ ಮರವನ್ನು ಕಚ್ಚಿ ಹಿಡಿಯುವ ಚಕ್ ಕೂಡ ಬೇಕು. ಖರ್ಚು ಜಾಸ್ತಿ. ಹೊಸಬರು ಉದ್ದನೆಯ ಕೆಲಸದಿಂದಲೇ ಶುರು ಮಾಡುವುದು ಒಳ್ಳೆಯದು.

ಅದಕ್ಕೆ ಸಾಕಾಗುವ ಮೂರು ಉಳಿಗಳು ಇವು. ಚೌಕ ಮರವನ್ನು ದುಂಡಗೆ ಮಾಡಲು ಮುಕ್ಕಾಲು ಇಂಚಿನ ರಫಿಂಗ್ ಗೌಜ್ (ಗೌಜ್ ಅಂದರೆ ಕಾಲುವೆಯಂತೆ ಬಾಗಿದ ಬಾಯಿಯ ಉಳಿ). ಹಳ್ಳ, ತಿರುವುಗಳಿಗೆ ಮೂರೆಂಟನೇ ಇಂಚು, ಅಂದರೆ 10 ಮಿ.ಮೀ.ನ ಸ್ಪಿಂಡಲ್ ಗೌಜ್. ಅಳತೆಗೆ ಗೆರೆ ಕೊರೆಯಲು, ಕೊನೆಗೆ ಕತ್ತರಿಸಲು 3 ಮಿ.ಮೀ.ನ ಪಾರ್ಟಿಂಗ್ ಟೂಲ್. ಓರೆ ಬಾಯಿಯ ಸ್ಕ್ಯೂ ಉಳಿ ಅದ್ಭುತ ಸಾಧನ, ಆದರೆ ಕೈ ಪಳಗುವ ತನಕ ಮರಕ್ಕೆ ಕಚ್ಚಿಕೊಳ್ಳುತ್ತಲೇ ಇರುತ್ತದೆ. ಅದು ಆಮೇಲೆ ಬರಲಿ.

ಒಂದು ಎಚ್ಚರಿಕೆ. ರಫಿಂಗ್ ಗೌಜ್‌ನಿಂದ ಯಾವತ್ತೂ ಬಟ್ಟಲು ಕಡೆಯಬೇಡಿ. ಅದು ಹಿಡಿಯೊಳಗೆ ಹೋಗುವ ಜಾಗದಲ್ಲಿ ತೆಳ್ಳಗಿರುತ್ತದೆ, ಮುರಿದು ಹಾರುತ್ತದೆ. ಬಡಗಿಯ ಸಾದಾ ಉಳಿಯನ್ನು ಲೇತ್‌ಗೆ ಹಿಡಿಯುವುದೂ ಅಷ್ಟೇ ಅಪಾಯ.

ಉಕ್ಕು ಪರೀಕ್ಷಿಸುವುದು ಹೇಗೆ?

ಉಳಿಗಳಲ್ಲಿ ಮುಖ್ಯವಾಗಿ ಎರಡು ಬಗೆಯ ಉಕ್ಕು ಇರುತ್ತದೆ: ಕಾರ್ಬನ್ ಸ್ಟೀಲ್ ಮತ್ತು ಹೈಸ್ಪೀಡ್ ಸ್ಟೀಲ್. ಎರಡನೆಯದನ್ನು ಅಂಗಡಿಗಳಲ್ಲಿ ಎಚ್‌ಎಸ್‌ಎಸ್ ಅಂತಲೇ ಕೇಳಬೇಕು. ಕಾರ್ಬನ್ ಸ್ಟೀಲ್ ತುಂಬ ಹರಿತವಾಗುತ್ತದೆ, ಆದರೆ ಬಿಸಿ ತಡೆಯುವುದಿಲ್ಲ. ಸಾಣೆ ಹಿಡಿಯುವಾಗ ಅಂಚು ನೀಲಿ ಬಣ್ಣಕ್ಕೆ ತಿರುಗಿದರೆ ಅಷ್ಟು ಭಾಗ ಮೆತ್ತಗಾಯಿತು ಅಂತಲೇ ಅರ್ಥ. ಆ ಭಾಗವನ್ನು ಪೂರ್ತಿ ಉಜ್ಜಿ ತೆಗೆಯಬೇಕು. ಎಚ್‌ಎಸ್‌ಎಸ್ ಸುಮಾರು 600 ಡಿಗ್ರಿ ಸೆಲ್ಸಿಯಸ್‌ವರೆಗೆ ಗಟ್ಟಿತನ ಉಳಿಸಿಕೊಳ್ಳುತ್ತದೆ. ಸಾಣೆಗೆ ಹೊಸಬರಾದವರಿಗೆ ಇದೇ ಬೇಕು.

ಹಳೆಯ ಉಳಿಯ ಮೇಲೆ ಏನೂ ಬರೆದಿರದಿದ್ದರೆ ಗ್ರೈಂಡರ್‌ಗೆ ಒಂದು ಕ್ಷಣ ತಾಗಿಸಿ ಕಿಡಿ ನೋಡಿ. ಬಿಳಿ ಹಳದಿ ಬಣ್ಣದ ಕಿಡಿ ದಂಡಿಯಾಗಿ ಹಾರಿ, ತುದಿಯಲ್ಲಿ ನಕ್ಷತ್ರದ ಹಾಗೆ ಸಿಡಿದರೆ ಕಾರ್ಬನ್ ಸ್ಟೀಲ್. ಮಂಕಾದ ಕೆಂಪು ಕಿತ್ತಳೆ ಬಣ್ಣದ ಕಿಡಿ ಕಡಿಮೆ ಸಂಖ್ಯೆಯಲ್ಲಿ, ಹೆಚ್ಚು ಸಿಡಿಯದೆ ಬಂದರೆ ಎಚ್‌ಎಸ್‌ಎಸ್. ಹಳೆ ಸಾಮಾನಿನ ಅಂಗಡಿಯಲ್ಲಿ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಕಣ್ಣಿಗೆ ರಕ್ಷಣೆಯ ಕನ್ನಡಕ ಹಾಕಿಕೊಂಡೇ ಮಾಡಿ.

ಎಲ್ಲಿ ಹುಡುಕಬೇಕು?

ಮರದ ಸಾಮಾನಿನ ಅಂಗಡಿ ಬಿಡಿ, ಕಬ್ಬಿಣದ ಲೇತ್‌ಗೆ ಟೂಲ್ ಮಾರುವ ಅಂಗಡಿಗೆ ಹೋಗಿ. ಬೆಂಗಳೂರಿನವರಿಗೆ ಎಸ್‌ಜೆಪಿ ರಸ್ತೆ, ಎಸ್‌ಪಿ ರಸ್ತೆಯ ಸುತ್ತಮುತ್ತ ಮತ್ತು ಪೀಣ್ಯ ಇವೆ. ಬೇರೆ ಊರುಗಳಲ್ಲಿ ಕೈಗಾರಿಕಾ ಪ್ರದೇಶದ ಹತ್ತಿರದ ಅಂಗಡಿಗಳಲ್ಲಿ ವಿಚಾರಿಸಿ. ಅಲ್ಲಿ ಎಚ್‌ಎಸ್‌ಎಸ್ ಟೂಲ್ ಬಿಟ್ ಅಂತ ಕೇಳಿದರೆ ಚೌಕದ ಮತ್ತು ದುಂಡನೆಯ ತುಂಡುಗಳನ್ನು ತೋರಿಸುತ್ತಾರೆ. ಕಬ್ಬಿಣ ಕಡೆಯುವ ಉಕ್ಕಿಗೆ ಮರ ಯಾವ ಲೆಕ್ಕ?

10 ಮಿ.ಮೀ.ನ ದುಂಡನೆಯ ಬಿಟ್ ಒಂದನ್ನು ತನ್ನಿ. ಹತ್ತಿರದ ಲೇತ್ ವರ್ಕ್‌ಶಾಪ್‌ನಲ್ಲಿ 20 ಮಿ.ಮೀ.ನ ಕಬ್ಬಿಣದ ಸರಳಿನ ತುದಿಗೆ ಅದೇ ಅಳತೆಯ ತೂತು ಹೊಡೆಸಿ, ಪಕ್ಕದಿಂದ ಎರಡು ಗ್ರಬ್ ಸ್ಕ್ರೂ (ತಲೆಯಿಲ್ಲದ ಸ್ಕ್ರೂ) ಹಾಕಿಸಿ. ಬಿಟ್ ಅದರೊಳಗೆ ಕೂರುತ್ತದೆ. ಹೊರಗೆ 15ರಿಂದ 20 ಮಿ.ಮೀ. ಮಾತ್ರ ಚಾಚಿಕೊಂಡಿರಲಿ. ಸರಳಿನ ಇನ್ನೊಂದು ತುದಿಗೆ ಉದ್ದನೆಯ ಮರದ ಹಿಡಿ ಹಾಕಿ, ಹಿಡಿ ಸೀಳದಂತೆ ಅದರ ಬಾಯಿಗೆ ಪೈಪಿನ ತುಂಡನ್ನು ಬಳೆಯಾಗಿ ಬಡಿಯಿರಿ. ಬಿಟ್‌ನ ಮೇಲ್ಭಾಗ ಚಪ್ಪಟೆ ಮಾಡಿ, ತುದಿ ದುಂಡಗೆ ಉಜ್ಜಿಕೊಂಡರೆ ಗಟ್ಟಿಮುಟ್ಟಾದ ಸ್ಕ್ರೇಪರ್, ಅಂದರೆ ಮರವನ್ನು ಕೆರೆಯುವ ಉಳಿ, ಸಿದ್ಧ. ಬಿಟ್ ಸವೆದರೆ ಬಿಟ್ ಒಂದನ್ನೇ ಬದಲಿಸಿದರಾಯಿತು.

ಹಳ್ಳಿಯಲ್ಲಿರುವವರಿಗೆ ಕುಲುಮೆ ಹತ್ತಿರವಿದ್ದರೆ ಇನ್ನೂ ಅನುಕೂಲ. ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಒಳ್ಳೆಯ ಉಳಿ ಬಡಿಸಬಹುದು. ಆದರೆ ಹಳೆಯ ಅರವನ್ನು ಉಜ್ಜಿ ಹಾಗೇ ಉಳಿಯಾಗಿ ಬಳಸುವುದು ಬೇಡ. ಅರದ ಉಕ್ಕು ತುಂಬ ಗಡಸು. ಮರಕ್ಕೆ ಕಚ್ಚಿಕೊಂಡ ಕ್ಷಣ ಗಾಜಿನಂತೆ ಒಡೆಯುತ್ತದೆ.

ಕಾರ್ಬೈಡ್ ಇನ್ಸರ್ಟ್ (ತುದಿಗೆ ಸಿಕ್ಕಿಸುವ ತುಂಬ ಗಡಸಾದ ಪುಟ್ಟ ಬಿಲ್ಲೆ) ಕೂರಿಸಿದ ಉಳಿಗಳೂ ಈಗ ಸಿಗುತ್ತವೆ. ಸಾಣೆಯ ತಲೆನೋವಿಲ್ಲ, ಮೊಂಡಾದರೆ ತಿರುಗಿಸಿದರೆ ಹೊಸ ಅಂಚು. ಮರ ಮಾತ್ರ ಅಷ್ಟು ನುಣುಪಾಗಿ ಬರುವುದಿಲ್ಲ, ಮರಳು ಕಾಗದ ಜಾಸ್ತಿ ಖರ್ಚಾಗುತ್ತದೆ.

ಸಾಣೆ

ಆರು ಇಂಚಿನ ಸಾದಾ ಬೆಂಚ್ ಗ್ರೈಂಡರ್ ಸಾಕು. ಅದರ ಜೊತೆ ಬರುವ ಬೂದು ಕಲ್ಲು ಉಳಿಯನ್ನು ಬೇಗ ಬಿಸಿ ಮಾಡುತ್ತದೆ. ಸಾಧ್ಯವಾದರೆ ಒಂದು ಬದಿಗೆ 80 ಗ್ರಿಟ್‌ನ ಬಿಳಿ ಕಲ್ಲು ಹಾಕಿಸಿ. ಕಾರ್ಬನ್ ಸ್ಟೀಲ್ ಆದರೆ ಪದೇ ಪದೇ ನೀರಿಗೆ ಅದ್ದಬೇಕು. ಎಚ್‌ಎಸ್‌ಎಸ್ ಅನ್ನು ಬಿಸಿಯಿರುವಾಗ ನೀರಿಗೆ ಅದ್ದಬೇಡಿ, ಕಣ್ಣಿಗೆ ಕಾಣದ ಬಿರುಕು ಬಿಡಬಹುದು.

ಉಳಿಯ ಓರೆ ಭಾಗಕ್ಕೆ ಮಾರ್ಕರ್ ಪೆನ್ನಿನಿಂದ ಬಣ್ಣ ಬಳಿಯಿರಿ. ಗ್ರೈಂಡರ್ ಆನ್ ಮಾಡಬೇಡಿ. ಉಳಿಯನ್ನು ಕಲ್ಲಿಗೆ ತಾಗಿಸಿ, ಕಲ್ಲನ್ನು ಕೈಯಿಂದ ತಿರುಗಿಸಿ. ಬಣ್ಣ ಹಿಮ್ಮಡಿಯಲ್ಲಿ (ಓರೆಯ ಹಿಂಬದಿಯಲ್ಲಿ) ಮಾತ್ರ ಅಳಿಸಿದರೆ ಉಳಿಯ ಹಿಡಿಯನ್ನು ಸ್ವಲ್ಪ ಮೇಲೆತ್ತಿ. ತುದಿಯಲ್ಲಿ ಮಾತ್ರ ಅಳಿಸಿದರೆ ಇಳಿಸಿ. ಮೇಲಿನಿಂದ ಕೆಳಗಿನವರೆಗೆ ಒಂದೇ ಸಮ ಅಳಿಸಿದಾಗ ಕೋನ ಸರಿ ಇದೆ. ಈಗ ಆನ್ ಮಾಡಿ, ಒತ್ತದೆ, ಸುಮ್ನೆ ತಾಗಿಸಿ. ರಫಿಂಗ್ ಗೌಜ್‌ಗೆ ಸುಮಾರು 45 ಡಿಗ್ರಿ ಕೋನ ಸರಿಹೋಗುತ್ತದೆ.

ಲೇತ್ ಹಳೆಯದಾದರೂ ಪರವಾಗಿಲ್ಲ

ಸೆಕೆಂಡ್ ಹ್ಯಾಂಡ್ ಲೇತ್ ನೋಡುವಾಗ ಸ್ಪಿಂಡಲ್ (ಮರವನ್ನು ತಿರುಗಿಸುವ ದಂಡ) ಹಿಡಿದು ಅಲ್ಲಾಡಿಸಿ, ಸಡಿಲ ಇರಬಾರದು. ಎರಡು ಕಡೆಯ ಮೊನೆಗಳನ್ನು ಹತ್ತಿರ ತಂದರೆ ಒಂದಕ್ಕೊಂದು ಸರಿಯಾಗಿ ಎದುರಾಗಬೇಕು. ಸ್ಪಿಂಡಲ್‌ನ ತುದಿಯಲ್ಲಿರುವ ತಿರುಪಿನ (ಥ್ರೆಡ್) ಅಳತೆ ಕೇಳಿ. ಒಂದು ಇಂಚು, ಇಂಚಿಗೆ 8 ಎಳೆ ಇದ್ದರೆ ಮುಂದೆ ಚಕ್ ಸುಲಭವಾಗಿ ಸಿಗುತ್ತದೆ.

ತಾವೇ ಮಾಡಿಸುವವರಿಗೆ ಅರ್ಧ ಎಚ್‌ಪಿಯ ಹಳೆಯ ಮೋಟಾರ್ ಸಾಕು. ನಿಮಿಷಕ್ಕೆ 1440 ಸುತ್ತಿನ ಮೋಟಾರ್‌ಗೆ 3 ಇಂಚಿನ ಪುಲ್ಲಿ, ಸ್ಪಿಂಡಲ್‌ಗೆ 4 ಇಂಚಿನ ಪುಲ್ಲಿ ಹಾಕಿದರೆ 1080 ಸುತ್ತು ಬರುತ್ತದೆ. ಕಲಿಯಲು ಹೇಳಿ ಮಾಡಿಸಿದ ವೇಗ. ಬೆಲ್ಟ್ ಮತ್ತು ಪುಲ್ಲಿಗೆ ಮುಚ್ಚಳ ಇರಲೇಬೇಕು. ಕೈ ಡ್ರಿಲ್‌ಗೆ ಸಿಕ್ಕಿಸುವ ಪುಟ್ಟ ಲೇತ್‌ಗಳು ಮಣಿ, ಪೆನ್ನಿನಂಥ ಸಣ್ಣ ಕೆಲಸಕ್ಕಷ್ಟೇ.

ಮರ ಮತ್ತು ಮೈ ಮೇಲಿನ ಎಚ್ಚರ

ಚನ್ನಪಟ್ಟಣದ ಗೊಂಬೆ ಕೆಲಸದವರು ಬಳಸುವ ಆಲೆ ಮರ ಬೆಳ್ಳಗೆ, ಮೆತ್ತಗೆ, ಉಳಿಗೆ ಸಲೀಸು. ಸಾಧ್ಯವಾದರೆ ಒಮ್ಮೆ ಅಲ್ಲಿಗೆ ಹೋಗಿ, ಕೆಲಸ ಮಾಡುವವರ ಅಪ್ಪಣೆ ಕೇಳಿ ಪಕ್ಕದಲ್ಲಿ ನಿಂತು ನೋಡಿ. ಉಳಿಯನ್ನು ಹಿಡಿಯುವ ಬಗೆ, ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ ಆ ಬಿಸಿಗೇ ಬಣ್ಣ ಕೂರಿಸುವ ಬಗೆ, ಎರಡೂ ಕಣ್ಣಾರೆ ಕಂಡರೆ ಬೇಗ ತಲೆಗೆ ಹತ್ತುತ್ತದೆ. ಮಲೆನಾಡು, ಕೊಡಗಿನವರಿಗೆ ಕಾಫಿ ತೋಟದ ಸಿಲ್ವರ್ ಓಕ್ ಕೊಂಬೆ ಇದೆ. ಉಳಿದವರು ಸಾಮಿಲ್‌ನಲ್ಲಿ ಮಾವು, ಬೇವಿನ ತುಂಡು ಕೇಳಿ. ಬಿರುಕು, ಮೊಳೆ ಇರುವ ಮರ ಮಾತ್ರ ಬೇಡ.

ಮುಖ ಪೂರ್ತಿ ಮುಚ್ಚುವ ಕವಚ ಮತ್ತು ಧೂಳಿಗೆ ಎನ್95 ಮಾಸ್ಕ್ ಹಾಕಿಕೊಳ್ಳಿ. ಸೆರಗು, ದುಪಟ್ಟಾ, ಬಿಟ್ಟ ಕೂದಲು ಕಟ್ಟಿಕೊಳ್ಳಿ. ಬಳೆ, ಉಂಗುರ, ಗಡಿಯಾರ ತೆಗೆದಿಡಿ. ಕೈಗವಸು ಬೇಡವೇ ಬೇಡ, ತಿರುಗುವ ಮರ ಅದನ್ನು ಹಿಡಿದು ಕೈಯನ್ನೇ ಎಳೆದುಕೊಳ್ಳುತ್ತದೆ. ಸ್ವಿಚ್ ಒತ್ತುವ ಮೊದಲು ಮರವನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿ, ಟೂಲ್ ರೆಸ್ಟ್‌ಗೆ (ಉಳಿಯನ್ನು ಊರುವ ಆಸರೆಗೆ) ತಾಗುತ್ತದೆಯೇ ನೋಡಿ. ಒತ್ತುವಾಗ ಮರದ ನೇರಕ್ಕೆ ನಿಲ್ಲದೆ ಪಕ್ಕಕ್ಕೆ ಸರಿಯಿರಿ.

ಮೊದಲ ಕೆಲಸಕ್ಕೆ ಎರಡು ಇಂಚು ದಪ್ಪ, ಒಂದು ಅಡಿ ಉದ್ದದ ತುಂಡು ತಗೊಂಡು ದುಂಡಗೆ ಮಾಡಿ, ಹಳ್ಳ ತೋಡಿ, ಮತ್ತೆ ದುಂಡಗೆ ಮಾಡಿ. ಮರ ಬೆರಳು ಗಾತ್ರಕ್ಕೆ ಇಳಿಯುವ ತನಕ ಬಿಡಬೇಡಿ. ಪುಡಿ ಬಂದರೆ ಉಳಿ ಮೊಂಡಾಗಿದೆ ಅಥವಾ ಕೋನ ತಪ್ಪಿದೆ, ಸಾಣೆಗೆ ಹೋಗಿ. ಉದ್ದ ಸುರುಳಿ ಬಿಚ್ಚಿಕೊಳ್ಳಲು ಶುರುವಾದ ಮೇಲೆ ಲಟ್ಟಣಿಗೆಗೆ ಮರ ಸಿಕ್ಕಿಸಿ.